ಐರ್ಲೆಂಡಿನ ಚುನಾವಣೆ, ಟಿವಿಯ ವೇದಿಕೆ, ನಾಯಕರ ವರ್ಚಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿನ ರಾಜಕೀಯದ ಬಗ್ಗೆ ಮಾತು ಬಂದಾಗಲೆಲ್ಲ ಬೇರೆ ಬೇರೆ ಜನರಿಂದ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಮೊದಲು ಬುನಾದಿಯ ಸಂಗತಿಗಳು, ನಂತರ ವಿವಾದದ ಸಂಗತಿಗಳು ಬರುತ್ತವೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲು ತಿಳಿದಿರಬೇಕಾದದ್ದು

ಅಲ್ಲಿ ಪ್ರಧಾನಿಯನ್ನು ಜನ ನೇರವಾಗಿ ಆರಿಸುವುದಿಲ್ಲವಲ್ಲ, ಹಾಗಿದ್ದ ಮೇಲೆ ನಾಯಕರು ಟಿವಿಯಲ್ಲಿ ಎದುರುಬದುರು ನಿಂತು ವಾದಿಸುವುದು ಯಾಕೆ?

ಜನ ಆರಿಸುವುದು ಸಂಸತ್ತಿನ ಕೆಳಮನೆಯಾದ ಡಾಲ್‌ನ ಸದಸ್ಯರನ್ನು ಮಾತ್ರ. ಆ ಸದಸ್ಯರು ಸೇರಿ ಟೀಶಕ್ ಎಂದು ಕರೆಯಲಾಗುವ ಪ್ರಧಾನಿಯನ್ನು ಆರಿಸುತ್ತಾರೆ. 2024ರ ನವೆಂಬರ್ 29ರ ಚುನಾವಣೆಯಲ್ಲಿ 43 ಕ್ಷೇತ್ರಗಳಿಂದ 174 ಸದಸ್ಯರು ಆಯ್ಕೆಯಾದರು. ಒಂದೊಂದು ಕ್ಷೇತ್ರಕ್ಕೂ ಮೂರರಿಂದ ಐದು ಸ್ಥಾನಗಳಿರುತ್ತವೆ. ಕಾರ್ಕ್ ನಗರದಿಂದ ಸ್ಪರ್ಧಿಸುವ ಫಿಯಾನ ಫಾಲ್ ಪಕ್ಷದ ಮೀಹಾಲ್ ಮಾರ್ಟಿನ್ ಅವರಿಗೆ ಮೇಯೊ ಜಿಲ್ಲೆಯ ಮತದಾರ ತನ್ನ ಮತ ಕೊಡುವುದಕ್ಕೆ ಆಗುವುದಿಲ್ಲ.

ಆದರೂ ಚರ್ಚೆ ಬೇಕಾಗುವುದಕ್ಕೆ ಕಾರಣ ಸರ್ಕಾರ ರಚನೆಯಲ್ಲಿದೆ. 1977ರ ನಂತರ ಯಾವ ಪಕ್ಷಕ್ಕೂ ಅಲ್ಲಿ ಒಂಟಿಯಾಗಿ ಬಹುಮತ ಸಿಕ್ಕಿಲ್ಲ. ಹೀಗಾಗಿ ನಿಮ್ಮ ಕ್ಷೇತ್ರದ ಅಭ್ಯರ್ಥಿ ಎಷ್ಟೇ ಒಳ್ಳೆಯವರಾಗಿದ್ದರೂ ಅವರ ಪಕ್ಷ ಯಾರ ಕೈ ಹಿಡಿಯುತ್ತದೆ, ಯಾರನ್ನು ಹತ್ತಿರ ಸೇರಿಸುವುದಿಲ್ಲ, ಯಾವ ಮಾತನ್ನು ಬಿಟ್ಟುಕೊಡಲು ಸಿದ್ಧವಿದೆ ಎಂಬುದನ್ನು ಹೇಳುವ ಅಧಿಕಾರ ಇರುವುದು ಪಕ್ಷದ ನಾಯಕರಿಗೇ. ಇಡೀ ದೇಶದ ಮುಂದೆ, ಅದೂ ಎದುರಾಳಿಯ ಸಮ್ಮುಖದಲ್ಲಿ, ಅವರಿಂದ ಈ ಉತ್ತರ ಹೊರಡಿಸುವುದಕ್ಕೆ ಟಿವಿ ಚರ್ಚೆಯನ್ನು ಬಿಟ್ಟರೆ ಬೇರೆ ಜಾಗ ಕಡಿಮೆ.

ಮತ ಹಾಕುವ ಪದ್ಧತಿಯೇ ಬೇರೆ ಅಂತಾರೆ. ಅದಕ್ಕೂ ಚರ್ಚೆಗೂ ಸಂಬಂಧವಿದೆಯೇ?

ಕರ್ನಾಟಕದ ವಿಧಾನ ಪರಿಷತ್ತಿಗೆ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಈ ಪದ್ಧತಿ ಹೊಸದೇನಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುವ ಅದೇ ಕ್ರಮವನ್ನು ಐರ್ಲೆಂಡಿನಲ್ಲಿ ಎಲ್ಲ ಮತದಾರರೂ ಎಲ್ಲ ಚುನಾವಣೆಗಳಲ್ಲಿಯೂ ಬಳಸುತ್ತಾರೆ. ಗೆದ್ದವರ ಹೆಚ್ಚುವರಿ ಮತಗಳೂ ಎಣಿಕೆಯಿಂದ ಹೊರಬಿದ್ದವರ ಮತಗಳೂ ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾವಣೆಯಾಗುತ್ತವೆ.

ಇದರಿಂದ ಚರ್ಚೆಯ ಸ್ವರವೇ ಬದಲಾಗುತ್ತದೆ. ಎದುರಾಳಿಯ ಬೆಂಬಲಿಗರು ತಮಗೆ ಎರಡನೆಯ ಅಥವಾ ಮೂರನೆಯ ಪ್ರಾಶಸ್ತ್ಯ ಕೊಟ್ಟರೆ ಕೊನೆಯ ಸ್ಥಾನವೊಂದು ಒಲಿಯಬಹುದೆಂದು ಪ್ರತಿ ನಾಯಕರಿಗೂ ಗೊತ್ತು. ಆದ್ದರಿಂದ ಎದುರಾಳಿಯ ನೀತಿಯನ್ನು ಹರಿದು ಹಾಕಬೇಕು, ಆದರೆ ಅವರನ್ನು ಮೆಚ್ಚುವ ಮತದಾರರ ಮನಸ್ಸನ್ನು ನೋಯಿಸಬಾರದು. ಈ ಇಕ್ಕಟ್ಟನ್ನು ಅರಿಯದೆ ನೋಡಿದರೆ ಐರಿಷ್ ನಾಯಕರ ವಾದ ಸಪ್ಪೆಯಾಗಿ ಕಂಡೀತು.

ಇದೆಲ್ಲ ಶುರುವಾದದ್ದು ಯಾವಾಗ?

1982ರ ಫೆಬ್ರವರಿಯಲ್ಲಿ. ಆ ವರ್ಷ ಜನವರಿ 27ರ ರಾತ್ರಿ ಗ್ಯಾರೆಟ್ ಫಿಟ್ಜೆರಾಲ್ಡ್ ಅವರ ಸರ್ಕಾರ ಬಜೆಟ್ ಮೇಲಿನ ಮತದಾನದಲ್ಲಿ ಬಿದ್ದುಹೋಯಿತು. ಮಕ್ಕಳ ಶೂಗಳ ಮೇಲೂ ತೆರಿಗೆ ಹಾಕಲು ಹೊರಟದ್ದು ಆ ಸೋಲಿನ ಜೊತೆಗೆ ಇಂದಿಗೂ ನೆನಪಾಗುವ ಸಂಗತಿ. ಫೆಬ್ರವರಿ 18ರ ಚುನಾವಣೆಗೆ ಮುನ್ನ ಫೀನ ಗೇಲ್ ಪಕ್ಷದ ಫಿಟ್ಜೆರಾಲ್ಡ್ ಮತ್ತು ಫಿಯಾನ ಫಾಲ್ ಪಕ್ಷದ ಚಾರ್ಲ್ಸ್ ಹಾಹಿ ಸರ್ಕಾರಿ ಪ್ರಸಾರ ಸಂಸ್ಥೆಯಾದ ಆರ್‌ಟಿಇಯಲ್ಲಿ ಎದುರುಬದುರಾದರು. ರಾಜ್ಯಶಾಸ್ತ್ರದ ಪ್ರಾಧ್ಯಾಪಕರೂ ಪ್ರಸಾರಕರೂ ಆಗಿದ್ದ ಬ್ರಯನ್ ಫ್ಯಾರೆಲ್ ಚರ್ಚೆ ನಡೆಸಿಕೊಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಚುನಾವಣೆ ಬಂದಾಗ ಇಬ್ಬರೂ ಮತ್ತೆ ಮುಖಾಮುಖಿಯಾದರು. ಪಕ್ಕದ ಬ್ರಿಟನ್ನಿನಲ್ಲಿ ಪ್ರಧಾನಿ ಸ್ಥಾನದ ಆಕಾಂಕ್ಷಿಗಳ ಮೊದಲ ಟಿವಿ ಚರ್ಚೆ ನಡೆದದ್ದು 2010ರಲ್ಲಿ. ಈ ವಿಷಯದಲ್ಲಿ ಐರ್ಲೆಂಡ್ 28 ವರ್ಷ ಮುಂದಿತ್ತು.

ದುಡ್ಡು ಇರುವ ಪಕ್ಷ ಟಿವಿಯಲ್ಲಿ ಜಾಹೀರಾತು ಹಾಕಿಸಿಕೊಂಡರೆ ಆಯಿತಲ್ಲ, ಚರ್ಚೆಯನ್ನು ಯಾಕೆ ಇಷ್ಟು ದೊಡ್ಡದು ಮಾಡುತ್ತಾರೆ?

ಹಾಗೆ ಹಾಕಿಸುವಂತಿಲ್ಲ ಎಂಬುದೇ ಇಡೀ ವಿಷಯದ ಕೀಲಿಕೈ. ಐರ್ಲೆಂಡಿನಲ್ಲಿ ರೇಡಿಯೊ ಮತ್ತು ಟಿವಿಯಲ್ಲಿ ರಾಜಕೀಯ ಉದ್ದೇಶದ ಜಾಹೀರಾತಿಗೆ ನಿಷೇಧವಿದೆ. 2009ರ ಪ್ರಸಾರ ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ, ಅದಕ್ಕೂ ಹಿಂದಿನ ಕಾಯ್ದೆಗಳಲ್ಲಿಯೂ ಇತ್ತು. ಪಕ್ಷಗಳಿಗೆ ಸಿಗುವುದು ಉಚಿತವಾಗಿ ಹಂಚಿಕೆಯಾಗುವ ಕೆಲವು ನಿಮಿಷಗಳ ಪಕ್ಷ ಪ್ರಸಾರ ಮಾತ್ರ. ಪತ್ರಿಕೆ, ಫಲಕ, ಅಂತರ್ಜಾಲಗಳಲ್ಲಿ ಖರ್ಚು ಮಾಡಬಹುದು, ಆದರೆ ಅಭ್ಯರ್ಥಿಗಳ ವೆಚ್ಚಕ್ಕೆ ಕಾನೂನಿನ ಮಿತಿಯಿದೆ.

ಹೀಗಾಗಿ ಚರ್ಚೆಯ ವೇದಿಕೆಯಲ್ಲಿ ಸಿಗುವ ನಿಮಿಷಗಳು ಯಾವ ಪಕ್ಷವೂ ಕೊಳ್ಳಲಾಗದ ನಿಮಿಷಗಳು. ಕೊಳ್ಳಲಾಗದ ವಸ್ತುವನ್ನು ಯಾರಿಗೆ ಎಷ್ಟು ಹಂಚಬೇಕೆಂಬ ಪ್ರಶ್ನೆ ಬಂದಾಗ ನ್ಯಾಯದ ಪ್ರಶ್ನೆ ತಾನಾಗಿಯೇ ಏಳುತ್ತದೆ. ಐರ್ಲೆಂಡಿನಲ್ಲಿ ಚರ್ಚೆಯ ಒಳಗಿನ ಜಗಳಕ್ಕಿಂತ ಚರ್ಚೆಗೆ ಯಾರನ್ನು ಕರೆಯಬೇಕೆಂಬ ಜಗಳವೇ ಎಷ್ಟೋ ಸಲ ದೊಡ್ಡದಾಗಿರುವುದು ಇದರಿಂದಲೇ. ನನ್ನ ಮಟ್ಟಿಗೆ ಈ ನಿಷೇಧ ಅಲ್ಲಿನ ಪ್ರಜಾಪ್ರಭುತ್ವದ ಒಂದು ದೊಡ್ಡ ಆಸ್ತಿ.

ನಾಯಕರು ಚರ್ಚೆಗೆ ಬರಲೇಬೇಕೆಂದು ಕಾನೂನಿದೆಯೇ?

ಇಲ್ಲ. ಚರ್ಚೆ ಏರ್ಪಡಿಸುವುದು ಪ್ರಸಾರ ಸಂಸ್ಥೆಗಳ ಸ್ವಂತ ತೀರ್ಮಾನ, ಬರುವುದು ನಾಯಕರ ಇಚ್ಛೆ. ಪ್ರಸಾರ ಮಾಡಿದರೆ ಅದು ನಿಷ್ಪಕ್ಷಪಾತವಾಗಿರಬೇಕು ಎಂಬುದಷ್ಟೇ ಕಾನೂನಿನ ಕಟ್ಟಳೆ. ಅದನ್ನು ನೋಡಿಕೊಳ್ಳುವ ನಿಯಂತ್ರಕ ಸಂಸ್ಥೆ 2023ರ ಮಾರ್ಚ್‌ನಿಂದ ಕಮಿಷೂನ್ ನ ಮ್ಯಾನ್.

## ವೇದಿಕೆಯ ಮೇಲೆ ಯಾರಿಗೆ ಜಾಗ

ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವವರು ಯಾರು? ಅದು ನ್ಯಾಯವೇ?

ಆಯಾ ಪ್ರಸಾರ ಸಂಸ್ಥೆ ತನ್ನ ಮಾನದಂಡವನ್ನು ತಾನೇ ಗೊತ್ತು ಮಾಡುತ್ತದೆ. ಮೊದಲ ಕಾಲು ಶತಮಾನ ಇದು ಕಷ್ಟದ ಕೆಲಸವಾಗಿರಲಿಲ್ಲ. ಟೀಶಕ್ ಆಗುವವರು ಫಿಯಾನ ಫಾಲ್ ಅಥವಾ ಫೀನ ಗೇಲ್ ನಾಯಕರೇ ಎಂಬುದು ಎಲ್ಲರೂ ಒಪ್ಪಿದ ಮಾತಾಗಿತ್ತು. 2007ರಲ್ಲಿ ಫಿಯಾನ ಫಾಲ್ ಪಕ್ಷದ ಬರ್ಟಿ ಅಹರ್ನ್ ಮತ್ತು ಫೀನ ಗೇಲ್ ಪಕ್ಷದ ಎಂಡಾ ಕೆನಿ ಇಬ್ಬರಿಗೇ ಒಂದು ಚರ್ಚೆ, ಸಣ್ಣ ಪಕ್ಷಗಳ ನಾಲ್ವರು ನಾಯಕರಿಗೆ ಇನ್ನೊಂದು ಚರ್ಚೆ ಎಂದು ಪಂಕ್ತಿಭೇದ ಮಾಡಲಾಗಿತ್ತು.

2008ರ ಆರ್ಥಿಕ ಕುಸಿತ ಈ ಏರ್ಪಾಡನ್ನು ಕೆಡವಿತು. 2011ರಲ್ಲಿ ಫಿಯಾನ ಫಾಲ್ 20 ಸ್ಥಾನಗಳಿಗೆ ಇಳಿದು, ಲೇಬರ್ ಪಕ್ಷ 37 ಸ್ಥಾನ ಗಳಿಸಿ ಎರಡನೆಯದಾದಾಗ, ಇಬ್ಬರೇ ನಾಯಕರ ಚರ್ಚೆಗೆ ಅರ್ಥವೇ ಉಳಿಯಲಿಲ್ಲ. ಆ ಚುನಾವಣೆಯಲ್ಲಿ ಆಗಲೇ ಮೂವರ ಮತ್ತು ಐವರ ಚರ್ಚೆಗಳು ನಡೆದಿದ್ದವು. 2016ರಲ್ಲಿ ಲಿಮರಿಕ್ ವಿಶ್ವವಿದ್ಯಾಲಯದಲ್ಲಿ ಏಳು ನಾಯಕರ ಚರ್ಚೆ ಏರ್ಪಡಿಸಿದ ಆರ್‌ಟಿಇ, ಡಾಲ್‌ನಲ್ಲಿ ಕನಿಷ್ಠ ಮೂವರು ಸದಸ್ಯರಿರುವ ಪಕ್ಷ ಎಂಬ ಮಾನದಂಡ ಇಟ್ಟಿತು. 2011ರಲ್ಲಿ ಎಲ್ಲ ಸ್ಥಾನಗಳನ್ನೂ ಕಳೆದುಕೊಂಡಿದ್ದ ಹಸಿರು ಪಕ್ಷ ಹೊರಗುಳಿಯಿತು, ಹೈಕೋರ್ಟಿಗೆ ಹೋಯಿತು, ಅಲ್ಲಿ ಸೋತಿತು. ವೇದಿಕೆಗೆ ಜಾಗ ಸಿಗದ ಆ ಪಕ್ಷಕ್ಕೆ ಮತದಾರರು ಎರಡು ಸ್ಥಾನ ಕೊಟ್ಟರು, 2020ರಲ್ಲಿ 12 ಕೊಟ್ಟರು.

ಇಲ್ಲಿ ಎರಡು ನ್ಯಾಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಿಂದಿನ ಚುನಾವಣೆಯ ಬಲವನ್ನು ಅಳತೆಗೋಲಾಗಿಸಿದರೆ ಮೊಳಕೆಯೊಡೆಯುತ್ತಿರುವ ಪಕ್ಷಕ್ಕೆ ಅನ್ಯಾಯ, ಇಂದಿನ ಸಮೀಕ್ಷೆಯನ್ನು ಅಳತೆಗೋಲಾಗಿಸಿದರೆ ಜನ ನಿಜವಾಗಿ ಹಾಕಿದ ಮತಕ್ಕೆ ಅನ್ಯಾಯ. ಎಲ್ಲರನ್ನೂ ಕರೆದರೆ ಯಾರ ಮಾತೂ ಪೂರ್ತಿಯಾಗಿ ಕೇಳುವುದಿಲ್ಲ. 2024ರ ನವೆಂಬರ್ 18ರಂದು ಆರ್‌ಟಿಇ ಹತ್ತು ಪಕ್ಷಗಳ ಪ್ರತಿನಿಧಿಗಳನ್ನು ಒಂದೇ ವೇದಿಕೆಗೆ ಕರೆದಾಗ ವಸತಿಯಂಥ ದೊಡ್ಡ ವಿಷಯಕ್ಕೂ ಒಬ್ಬೊಬ್ಬರ ಪಾಲಿಗೆ ಬಂದದ್ದು ತುಣುಕು ಸಮಯ. ಮೊದಲು ಎಲ್ಲರಿಗೂ ಒಂದು ದೊಡ್ಡ ಚರ್ಚೆ, ಕೊನೆಯ ವಾರದಲ್ಲಿ ಟೀಶಕ್ ಆಗುವ ಸಾಧ್ಯತೆ ಇರುವವರಿಗೆ ಒಂದು ಚಿಕ್ಕ ಚರ್ಚೆ ಎಂಬ ಈಗಿನ ಕ್ರಮ ಪರಿಪೂರ್ಣವಲ್ಲ, ಆದರೆ ಇದಕ್ಕಿಂತ ಮೇಲಾದ ಏರ್ಪಾಡು ನನಗಂತೂ ಹೊಳೆದಿಲ್ಲ.

2020ರಲ್ಲಿ ಶಿನ್ ಫೇನ್ ಪಕ್ಷವನ್ನು ಮೊದಲು ಕರೆದಿರಲಿಲ್ಲವಂತೆ. ಆಮೇಲೆ ಕರೆದದ್ದು ಹೇಗೆ?

ಆ ವರ್ಷ ಜನವರಿ 22ರಂದು ವರ್ಜಿನ್ ಮೀಡಿಯಾ ವಾಹಿನಿ ಫೀನ ಗೇಲ್ ಪಕ್ಷದ ಲಿಯೊ ವರಾಡ್ಕರ್ ಮತ್ತು ಮೀಹಾಲ್ ಮಾರ್ಟಿನ್ ಇಬ್ಬರದೇ ಚರ್ಚೆ ನಡೆಸಿತು. ಜನವರಿ 27ರಂದು ಗಾಲ್ವೆಯಲ್ಲಿ ಏಳು ನಾಯಕರ ಚರ್ಚೆ ನಡೆಯಿತು. ಫೆಬ್ರವರಿ 4ಕ್ಕೆ ಆರ್‌ಟಿಇ ಮತ್ತೆ ಆ ಇಬ್ಬರನ್ನೇ ಕರೆದಿತ್ತು. ಅಷ್ಟರಲ್ಲಿ ವಸತಿ ಮತ್ತು ಆರೋಗ್ಯ ಸೇವೆಯ ಬಗೆಗಿನ ಜನರ ಸಿಟ್ಟು ಶಿನ್ ಫೇನ್ ಕಡೆಗೆ ಹರಿದು, ಸಮೀಕ್ಷೆಗಳಲ್ಲಿ ಆ ಪಕ್ಷ ಮೊದಲ ಸಾಲಿಗೆ ಬಂದುನಿಂತಿತ್ತು. ಪಕ್ಷ ಕಾನೂನು ಹೋರಾಟದ ಮಾತೆತ್ತಿತು. ಚರ್ಚೆಯ ಹಿಂದಿನ ದಿನ ಆರ್‌ಟಿಇ ತನ್ನ ನಿಲುವು ಬದಲಿಸಿ ಮೇರಿ ಲೂ ಮೆಕ್‌ಡೊನಾಲ್ಡ್ ಅವರಿಗೂ ಆಹ್ವಾನ ಕೊಟ್ಟಿತು.

ಈ ಆಹ್ವಾನದ ತೂಕ ತಿಳಿಯಬೇಕಾದರೆ ಹಿನ್ನೆಲೆ ನೆನಪಿರಬೇಕು. 1970ರ ದಶಕದಿಂದ 1994ರ ಜನವರಿಯವರೆಗೆ, ಉತ್ತರ ಐರ್ಲೆಂಡಿನ ಹಿಂಸೆಯ ಕಾರಣಕ್ಕೆ, ಶಿನ್ ಫೇನ್ ವಕ್ತಾರರ ದನಿಯನ್ನು ಪ್ರಸಾರ ಮಾಡುವುದಕ್ಕೇ ಐರ್ಲೆಂಡಿನಲ್ಲಿ ನಿಷೇಧವಿತ್ತು. ದನಿಯೇ ಕೇಳಿಸಬಾರದೆಂದು ಸರ್ಕಾರ ಆದೇಶಿಸಿದ್ದ ಪಕ್ಷದ ನಾಯಕಿ 26 ವರ್ಷಗಳ ನಂತರ ಅದೇ ಪ್ರಸಾರ ಸಂಸ್ಥೆಯ ಅಂತಿಮ ಚರ್ಚೆಯಲ್ಲಿ ನಿಂತರು.

ಹಾಗೆಂದು ವೇದಿಕೆ ಅವರಿಗೆ ಹೂವಿನ ಹಾಸಿಗೆಯಾಗಲಿಲ್ಲ. 2007ರಲ್ಲಿ ಕೊಲೆಯಾದ ಯುವಕನೊಬ್ಬನ ಬಗ್ಗೆ ಅವರ ಪಕ್ಷದ ಸಹೋದ್ಯೋಗಿ ಆಡಿದ್ದ ಮಾತಿನ ಮೇಲೆ ಆ ರಾತ್ರಿ ಅವರು ಎದುರಿಸಿದ ಪ್ರಶ್ನೆಗಳು ಬಹಳ ಕಠಿಣವಾಗಿದ್ದವು. ಒಳಗೆ ಬಂದವರು ಉತ್ತರವನ್ನೂ ಕೊಡಬೇಕಾಗುತ್ತದೆ, ಎಲ್ಲರನ್ನೂ ಕರೆಯಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ. ಫೆಬ್ರವರಿ 8ರ ಮತದಾನದಲ್ಲಿ ಶಿನ್ ಫೇನ್ ಶೇ. 24.5ರಷ್ಟು ಪ್ರಥಮ ಪ್ರಾಶಸ್ತ್ಯ ಪಡೆದು ಮತಗಳಿಕೆಯಲ್ಲಿ ಮೊದಲನೆಯದಾಯಿತು. ಆದರೆ ಈ ಅಲೆಯನ್ನು ಆ ಪಕ್ಷವೇ ಊಹಿಸಿರಲಿಲ್ಲ. 42 ಅಭ್ಯರ್ಥಿಗಳನ್ನು ಮಾತ್ರ ಕಣಕ್ಕಿಳಿಸಿದ್ದರಿಂದ ಗೆಲುವು 37 ಸ್ಥಾನಗಳಿಗೆ ನಿಂತಿತು.

ನಾಯಕರೊಬ್ಬರು ಬರುವುದೇ ಇಲ್ಲ ಎಂದರೆ ಏನಾಗುತ್ತದೆ?

2011ರಲ್ಲಿ ಎಂಡಾ ಕೆನಿ ಹಾಗೆ ಮಾಡಿದರು. ಟಿವಿ3 ವಾಹಿನಿಯ ಚರ್ಚೆಯನ್ನು ನಡೆಸಬೇಕಿದ್ದ ವಿನ್ಸೆಂಟ್ ಬ್ರೌನ್ ಈ ಹಿಂದೆ ತಮ್ಮ ಬಗ್ಗೆ ಆಡಿದ್ದ ಮಾತು ಕೆನಿ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಬ್ರೌನ್ ನಿರೂಪಣೆಯಿಂದ ಹಿಂದೆ ಸರಿಯಲು ಸಿದ್ಧರಿದ್ದರೂ ಕೆನಿ ಬರಲಿಲ್ಲ. ಮಾರ್ಟಿನ್ ಮತ್ತು ಲೇಬರ್ ಪಕ್ಷದ ಏಮನ್ ಗಿಲ್ಮೋರ್ ಇಬ್ಬರೇ ವಾದಿಸಿದರು. ಕೆನಿ ಹೆದರಿದರು ಎಂಬ ಟೀಕೆ ಕೆಲವು ದಿನ ನಡೆಯಿತು. ನಂತರ ಅವರು ಆರ್‌ಟಿಇಯ ಎರಡು ಚರ್ಚೆಗಳಿಗೂ ಬಂದರು, ಅವರ ಪಕ್ಷ 76 ಸ್ಥಾನ ಗೆದ್ದಿತು. ಮುನ್ನಡೆಯಲ್ಲಿರುವವರಿಗೆ ಗೈರುಹಾಜರಿಯ ದಂಡ ಅಷ್ಟೇನೂ ಭಾರವಲ್ಲವೆಂದು ಆಗ ತಿಳಿಯಿತು. ಇದು ಒಳ್ಳೆಯ ಪಾಠವೆಂದು ನಾನು ಹೇಳಲಾರೆ.

ಐರಿಷ್ ಭಾಷೆಯಲ್ಲಿಯೂ ಚರ್ಚೆ ನಡೆಯುತ್ತದೆಯೇ?

2011ರ ಫೆಬ್ರವರಿ 16ರಂದು ಐರಿಷ್ ಭಾಷೆಯ ವಾಹಿನಿಯಾದ ಟಿಜಿ4ರಲ್ಲಿ ಕೆನಿ, ಮಾರ್ಟಿನ್, ಗಿಲ್ಮೋರ್ ಮೂವರೂ ಪೂರ್ತಿ ಐರಿಷ್ ಭಾಷೆಯಲ್ಲಿಯೇ ವಾದಿಸಿದರು. ಆ ಭಾಷೆಯ ಮೊದಲ ನಾಯಕರ ಚರ್ಚೆ ಅದು. ಸಂವಿಧಾನದಲ್ಲಿ ಮೊದಲ ಅಧಿಕೃತ ಭಾಷೆಯಾಗಿದ್ದರೂ ನಿತ್ಯದ ಮಾತಿನಲ್ಲಿ ಇಂಗ್ಲಿಷಿನೆದುರು ಹಿಂದೆ ಸರಿದಿರುವ ಭಾಷೆ ಅದು. ಬ್ಯಾಂಕುಗಳ ಕುಸಿತವನ್ನೂ ನಿರುದ್ಯೋಗವನ್ನೂ ದೇಶದ ಮುಂದಿನ ನಾಯಕರು ಆ ಭಾಷೆಯಲ್ಲಿ ಚರ್ಚಿಸಿದ್ದನ್ನು, ಕನ್ನಡದಲ್ಲಿ ಆಡಳಿತ ನಡೆಯಲಿ ಎಂದು ಹಂಬಲಿಸುವ ಯಾರಾದರೂ ಗೌರವದಿಂದ ನೋಡುತ್ತಾರೆ.

## ವರ್ಚಸ್ಸು ಕಟ್ಟುವ ಕೆಲಸ

ನಾಯಕರ ವರ್ಚಸ್ಸನ್ನು ಯೋಜಿಸಿ ಕಟ್ಟುವುದು ಅಲ್ಲಿ ಯಾವಾಗಿನಿಂದ ಬಂತು?

1977ರ ಚುನಾವಣೆಯನ್ನು ಗಡಿಕಲ್ಲು ಎನ್ನಬಹುದು. ಫಿಯಾನ ಫಾಲ್ ಪಕ್ಷ ಯುವ ಪ್ರಧಾನ ಕಾರ್ಯದರ್ಶಿ ಶೇಮಸ್ ಬ್ರೆನನ್ ಅವರ ಮುಂದಾಳತ್ವದಲ್ಲಿ ಜ್ಯಾಕ್ ಲಿಂಚ್ ಎಂಬ ಮೃದು ಮಾತಿನ ಜನಪ್ರಿಯ ನಾಯಕನ ಸುತ್ತ ಇಡೀ ಪ್ರಚಾರವನ್ನು ಕಟ್ಟಿತು. ಅವರಿಗೆಂದೇ ಹಾಡು ಬಂತು, ಮನೆ ತೆರಿಗೆ ಮತ್ತು ಕಾರು ತೆರಿಗೆ ತೆಗೆದುಹಾಕುವ ಪ್ರಣಾಳಿಕೆ ಬಂತು. 148 ಸ್ಥಾನಗಳಲ್ಲಿ 84 ಅವರ ಪಾಲಾದವು.

ಆ ಸೋಲಿನಿಂದ ಪಾಠ ಕಲಿತದ್ದು ಫೀನ ಗೇಲ್. ಹೊಸ ನಾಯಕ ಫಿಟ್ಜೆರಾಲ್ಡ್ ಅರ್ಥಶಾಸ್ತ್ರಜ್ಞರು, ವೇಗವಾಗಿ ಮಾತನಾಡುವವರು, ಅಂಕಿಅಂಶಗಳಲ್ಲಿ ಮುಳುಗಿ ಸಾಮಾನ್ಯ ಕೇಳುಗರನ್ನು ಹಿಂದೆ ಬಿಟ್ಟುಬಿಡುವವರು. ಅವರ ಸುತ್ತ ಪೀಟರ್ ಪ್ರೆಂಡರ್‌ಗಾಸ್ಟ್, ಫ್ರ್ಯಾಂಕ್ ಫ್ಲ್ಯಾನರಿ, ಪ್ರಸಾರಕ ಬಿಲ್ ಓಹರ್ಲಿಹಿ ಮೊದಲಾದವರ ತಂಡವೊಂದು ಸೇರಿತು. ಪತ್ರಿಕೆಗಳು ಆ ತಂಡವನ್ನು ರಾಷ್ಟ್ರೀಯ ನಿರ್ವಾಹಕರು ಎಂದು ಕರೆಯತೊಡಗಿದವು. ಅವರು ಮಾಡಿದ ಜಾಣ ಕೆಲಸವೆಂದರೆ ಫಿಟ್ಜೆರಾಲ್ಡ್ ಅವರ ಮರೆಗುಳಿತನವನ್ನು ಮುಚ್ಚಿಡದೇ ಇದ್ದದ್ದು. ಕೆದರಿದ ಕೂದಲಿನ, ಲೋಕದ ಕಪಟ ತಿಳಿಯದ ಪ್ರಾಧ್ಯಾಪಕ ಎಂಬ ಚಿತ್ರವೇ, ದುಬಾರಿ ಬದುಕಿನ ಮತ್ತು ಗೂಢ ಸ್ವಭಾವದ ಹಾಹಿ ಅವರ ಎದುರಿಗೆ ಪ್ರಾಮಾಣಿಕತೆಯ ಗುರುತಾಯಿತು. ಇಲ್ಲದ ಗುಣವನ್ನು ಹಚ್ಚುವುದಕ್ಕಿಂತ ಇರುವ ಗುಣಕ್ಕೆ ಹೊಸ ಹೆಸರು ಕೊಟ್ಟರೆ ವರ್ಚಸ್ಸು ಬಾಳಿಕೆ ಬರುತ್ತದೆ ಎಂಬುದಕ್ಕೆ ನಾನು ಸದಾ ಕೊಡುವ ಉದಾಹರಣೆ ಇದು.

ಲೈಟು ಕಂಬದ ತುಂಬ ಅಭ್ಯರ್ಥಿಗಳ ಮುಖವೇ ಇರುತ್ತದಲ್ಲ, ಅದಕ್ಕೆ ನಿಯಮವಿಲ್ಲವೇ?

ಇದೆ. ಮತದಾನಕ್ಕೆ ಹೆಚ್ಚೆಂದರೆ 30 ದಿನ ಮುಂಚೆ ಕಟ್ಟಬಹುದು, ಮತದಾನದ ನಂತರ ಏಳು ದಿನಗಳೊಳಗೆ ಇಳಿಸಬೇಕು. ತಪ್ಪಿದರೆ 150 ಯೂರೊ ದಂಡ. ಟಿವಿ ಜಾಹೀರಾತಿಲ್ಲದ ದೇಶದಲ್ಲಿ ಹೊಸಬರ ಮುಖ ಪರಿಚಯವಾಗುವುದು ಈ ಕಂಬಗಳಿಂದಲೇ, ಆದ್ದರಿಂದ ಕಸವೆಂದು ದೂರುವವರಿದ್ದರೂ ಪದ್ಧತಿ ಉಳಿದಿದೆ. 2002ರಲ್ಲಿ ಪ್ರಗತಿಶೀಲ ಡೆಮಾಕ್ರಟರ ಮೈಕಲ್ ಮೆಕ್‌ಡವೆಲ್ ಡಬ್ಲಿನ್ನಿನ ರ್‍ಯಾನಲಾದಲ್ಲಿ ತಾವೇ ಏಣಿ ಹತ್ತಿ, ಏಕಪಕ್ಷ ಸರ್ಕಾರ ಬೇಡ ಎಂಬ ಫಲಕವನ್ನು ಕಂಬಕ್ಕೆ ಕಟ್ಟಿದರು. ಫಲಕಕ್ಕಿಂತ ಏಣಿಯ ಮೇಲಿನ ಅವರ ಚಿತ್ರವೇ ಸುದ್ದಿಯಾಗಿ ದೇಶವೆಲ್ಲ ಸುತ್ತಿತು. ಅವರ ಪಕ್ಷದ ಸ್ಥಾನಗಳು ನಾಲ್ಕರಿಂದ ಎಂಟಕ್ಕೇರಿದವು.

ಘೋಷವಾಕ್ಯ ತಿರುಗುಬಾಣವಾದ ಉದಾಹರಣೆಗಳಿವೆಯೇ?

ಬೇಕಾದಷ್ಟಿವೆ. 1987ರಲ್ಲಿ ಫಿಯಾನ ಫಾಲ್, ಆರೋಗ್ಯದ ವೆಚ್ಚ ಕಡಿತದಿಂದ ನೋಯುವವರು ವೃದ್ಧರು, ರೋಗಿಗಳು ಮತ್ತು ಅಂಗವಿಕಲರು ಎಂದು ಗೋಡೆ ಗೋಡೆಗೂ ಅಂಟಿಸಿ, ಅಧಿಕಾರಕ್ಕೆ ಬಂದ ಮೇಲೆ ತಾನೇ ಕಡಿತ ಮಾಡಿತು. 2011ರಲ್ಲಿ ಲೇಬರ್ ಪಕ್ಷ ಸೂಪರ್ ಮಾರ್ಕೆಟ್ ಜಾಹೀರಾತಿನ ಧಾಟಿಯಲ್ಲಿ, ಫೀನ ಗೇಲ್ ಬಂದರೆ ಮಕ್ಕಳ ಭತ್ಯೆ ಕಡಿತವಾಗುತ್ತದೆ ಎಂದು ಎಚ್ಚರಿಸಿ, ಅದೇ ಫೀನ ಗೇಲ್ ಜೊತೆ ಸರ್ಕಾರದಲ್ಲಿ ಕುಳಿತು ಭತ್ಯೆ ಕಡಿತಕ್ಕೆ ಸಹಿ ಹಾಕಿತು. 2016ರ ಚುನಾವಣೆಯಲ್ಲಿ ಜನ ಅದನ್ನು ಮರೆತಿರಲಿಲ್ಲ.

ಅದೇ 2016ರಲ್ಲಿ ಫೀನ ಗೇಲ್, ಚೇತರಿಕೆ ಮುಂದುವರಿಯಲಿ ಎಂಬ ವಾಕ್ಯವನ್ನು ಹಿಡಿಯಿತು. ಅಂಕಿಅಂಶಗಳಲ್ಲಿ ಆರ್ಥಿಕತೆ ಚೇತರಿಸಿಕೊಂಡದ್ದು ನಿಜವೇ ಆಗಿತ್ತು. ಆದರೆ ಡಬ್ಲಿನ್ನಿನಿಂದ ದೂರದ ಪಟ್ಟಣಗಳಲ್ಲಿ ಮುಚ್ಚಿದ ಅಂಗಡಿಗಳ ಎದುರು ಆ ಫಲಕ ನೋಡಿದವರಿಗೆ, ಯಾರದೋ ಮನೆಯ ಹಬ್ಬಕ್ಕೆ ತಮ್ಮನ್ನು ಚಪ್ಪಾಳೆ ತಟ್ಟಲು ಕರೆದಂತೆ ಅನಿಸಿತು. ಪಕ್ಷ 50 ಸ್ಥಾನಗಳಿಗೆ ಕುಸಿಯಿತು.

ವರಾಡ್ಕರ್ ಭಾರತೀಯ ಮೂಲದವರು. ಅವರ ವರ್ಚಸ್ಸಿನಲ್ಲಿ ಅದಕ್ಕೆ ಪಾತ್ರವಿತ್ತೇ?

ಅವರ ತಂದೆ ಮುಂಬಯಿಯಿಂದ ಬಂದ ವೈದ್ಯರು, ತಾಯಿ ಐರಿಷ್ ನರ್ಸ್. 2017ರ ಜೂನ್‌ನಲ್ಲಿ 38ನೆಯ ವಯಸ್ಸಿಗೆ ಟೀಶಕ್ ಆದಾಗ ಹೊರದೇಶಗಳ ಪತ್ರಿಕೆಗಳು ಅವರ ಮೂಲವನ್ನೂ ಅವರು ಸಲಿಂಗಪ್ರೇಮಿ ಎಂಬುದನ್ನೂ ಎತ್ತಿ ಬರೆದವು. ಐರ್ಲೆಂಡಿನೊಳಗೆ ಮಾತ್ರ ಅವರನ್ನು ಅಳೆದದ್ದು ಹೆಚ್ಚಾಗಿ ಮನೆ ಬಾಡಿಗೆ, ಆಸ್ಪತ್ರೆಯ ಸರದಿಗಳ ಮೇಲೆ. ಅವರ ವರ್ಚಸ್ಸಿಗೆ ಪೆಟ್ಟು ಕೊಟ್ಟದ್ದು ವರ್ಚಸ್ಸಿನ ಕೆಲಸವೇ. 2017ರಲ್ಲಿ ಟೀಶಕ್ ಇಲಾಖೆಯಲ್ಲಿ ಸಾರ್ವಜನಿಕ ಹಣದಿಂದ ತೆರೆದ ಕಾರ್ಯತಂತ್ರ ಸಂವಹನ ಘಟಕ, ಸರ್ಕಾರಿ ಯೋಜನೆಯ ಜಾಹೀರಾತನ್ನು ಸುದ್ದಿಯಂತೆ ಕಾಣುವ ಹಾಗೆ ಪ್ರಾದೇಶಿಕ ಪತ್ರಿಕೆಗಳಲ್ಲಿ ಹಾಕಿಸಿತೆಂಬ ವಿವಾದಕ್ಕೆ ಸಿಕ್ಕಿತು. ಮರುವರ್ಷವೇ ಅದನ್ನು ಮುಚ್ಚಬೇಕಾಯಿತು.

## ಇನ್ನಷ್ಟು ಆಳಕ್ಕೆ

ಟಿವಿಯಲ್ಲಿ ಆಡಿದ ಒಂದು ಮಾತಿನಿಂದ ಚುನಾವಣೆಯೇ ಕೈತಪ್ಪಿದ್ದು ಇದೆಯೇ?

ಎರಡು ಸಲ, ಎರಡೂ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ.

1990ರಲ್ಲಿ ಫಿಯಾನ ಫಾಲ್ ಪಕ್ಷದ ಬ್ರಯನ್ ಲೆನಿಹನ್ ಗೆಲ್ಲುವುದು ಖಚಿತವೆಂದು ಬಹಳ ಜನ ನಂಬಿದ್ದರು. ಮೇಲೆ ಹೇಳಿದ 1982ರ ಜನವರಿ 27ರ ರಾತ್ರಿಯೇ ಇಲ್ಲಿ ಮತ್ತೆ ಎದ್ದುಬಂತು. ಅಂದು ಡಾಲ್ ವಿಸರ್ಜಿಸಬೇಡಿರೆಂದು ಒತ್ತಾಯಿಸಲು ಆಗಿನ ರಾಷ್ಟ್ರಾಧ್ಯಕ್ಷರಿಗೆ ನೀವು ಫೋನ್ ಮಾಡಿದ್ದಿರಾ ಎಂಬ ಪ್ರಶ್ನೆಗೆ ಲೆನಿಹನ್ ಟಿವಿಯಲ್ಲಿ ಇಲ್ಲವೆಂದರು. ಕೆಲವೇ ದಿನಗಳಲ್ಲಿ, ಹೌದು ಮಾಡಿದ್ದೆ ಎಂದು ಅವರೇ ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ ಹೇಳಿದ್ದ ಧ್ವನಿಮುದ್ರಣ ಹೊರಬಂತು. ಸಂಜೆಯ ಸುದ್ದಿಯಲ್ಲಿ ಅವರು ನಿರೂಪಕರನ್ನು ಬಿಟ್ಟು ಕ್ಯಾಮೆರಾವನ್ನೇ ನೋಡುತ್ತ, ಚೆನ್ನಾಗಿ ಆಲೋಚಿಸಿ ನೆನಪಿಸಿಕೊಂಡ ಮೇಲೆ ತಾನು ಫೋನ್ ಮಾಡಿರಲಿಲ್ಲವೆಂದು ದೇಶಕ್ಕೆ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗ ಟೀಶಕ್ ಆಗಿದ್ದ ಹಾಹಿ, ಲೆನಿಹನ್ ಅವರನ್ನು ಸಚಿವ ಸಂಪುಟದಿಂದ ಕೈಬಿಟ್ಟರು. ಆದರೂ ಪ್ರಥಮ ಪ್ರಾಶಸ್ತ್ಯದಲ್ಲಿ ಲೆನಿಹನ್ ಶೇ. 44ರಷ್ಟು ಪಡೆದು ಮುಂದಿದ್ದರು. ಮೂರನೆಯವರ ಮತಗಳು ವರ್ಗಾವಣೆಯಾದಾಗ ಮೇರಿ ರಾಬಿನ್ಸನ್ ಗೆದ್ದು ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷರಾದರು. ರಾಬಿನ್ಸನ್ ಗೆಲುವನ್ನು ಬರೀ ಎದುರಾಳಿಯ ಎಡವಟ್ಟಿಗೆ ಕಟ್ಟಿಹಾಕುವುದು ತಪ್ಪು. ಅವರು ಮೇ ತಿಂಗಳಲ್ಲಿಯೇ ಕಾರ್ಕ್ ಜಿಲ್ಲೆಯ ಅಂಚಿನ ಅಲಿಹೀಸ್ ಎಂಬ ಹಳ್ಳಿಯಿಂದ ಹೊರಟು, ತಿಂಗಳುಗಟ್ಟಲೆ ಊರೂರು ತಿರುಗಿದ್ದರು.

ಎರಡನೆಯದು 2011. ಅಕ್ಟೋಬರ್ 24ರ ಸೋಮವಾರ ರಾತ್ರಿ ಅಂತಿಮ ಚರ್ಚೆ, ಗುರುವಾರ ಮತದಾನ. ಪಕ್ಷೇತರ ಅಭ್ಯರ್ಥಿ ಶಾನ್ ಗ್ಯಾಲಹರ್ ಸಮೀಕ್ಷೆಗಳಲ್ಲಿ ಬಹಳ ಮುಂದಿದ್ದರು. ಚರ್ಚೆಯ ನಡುವೆ ನಿರೂಪಕರು, ಎದುರಾಳಿ ಮಾರ್ಟಿನ್ ಮೆಕ್‌ಗಿನ್ನೆಸ್ ಅವರ ಪ್ರಚಾರ ತಂಡದ್ದೆಂದು ಭಾವಿಸಿ ಒಂದು ಟ್ವೀಟನ್ನು ಓದಿದರು. ಫಿಯಾನ ಫಾಲ್ ನಿಧಿಗಾಗಿ ಗ್ಯಾಲಹರ್ ಅವರಿಗೆ ಚೆಕ್ ಕೊಟ್ಟ ವ್ಯಕ್ತಿಯನ್ನು ಪತ್ರಕರ್ತರ ಮುಂದೆ ತರಲಾಗುವುದು ಎಂಬ ಅರ್ಥದ ಟ್ವೀಟ್ ಅದು. ಅದು ಆ ತಂಡದ ಅಧಿಕೃತ ಖಾತೆಯದಾಗಿರಲಿಲ್ಲ. ಗ್ಯಾಲಹರ್ ತಡವರಿಸಿ, ಲಕೋಟೆಯೊಂದರ ಪ್ರಸ್ತಾಪ ಮಾಡಿ, ಅನುಮಾನವನ್ನು ತಾವೇ ಹೆಚ್ಚಿಸಿದರು. ಮೈಕಲ್ ಡಿ. ಹಿಗಿನ್ಸ್ ಶೇ. 39.6 ಮತ ಪಡೆದರು, ಗ್ಯಾಲಹರ್ ಶೇ. 28.5ಕ್ಕೆ ನಿಂತರು. ಮರುವರ್ಷ ಪ್ರಸಾರ ಪ್ರಾಧಿಕಾರ ಗ್ಯಾಲಹರ್ ಅವರ ದೂರನ್ನು ಎತ್ತಿಹಿಡಿಯಿತು, 2017ರಲ್ಲಿ ಆರ್‌ಟಿಇ ಅವರೊಂದಿಗೆ ರಾಜಿ ಮಾಡಿಕೊಂಡು ಕ್ಷಮೆ ಕೇಳಿತು. ನೇರ ಪ್ರಸಾರದಲ್ಲಿ ಪರಿಶೀಲಿಸದ ಒಂದು ಸಾಲಿಗೆ ಎಷ್ಟು ಬೆಲೆ ತೆರಬೇಕೆಂಬುದು ಆ ದಿನದಿಂದ ಪ್ರತಿ ಸುದ್ದಿಮನೆಗೂ ಗೊತ್ತಿರಬೇಕಾದ ಸಂಗತಿ.

ಚರ್ಚೆಯಲ್ಲಿ ಗೆದ್ದವರೇ ಚುನಾವಣೆಯಲ್ಲೂ ಗೆಲ್ಲುತ್ತಾರೆಯೇ?

ಹಾಗೆ ಲೆಕ್ಕ ಹಾಕುವುದು ಕಷ್ಟ. 2007ರ ಮೇ 17ರ ಚರ್ಚೆಯಲ್ಲಿ ಅಹರ್ನ್, ಇಲಾಖೆಗಳ ಅಂಕಿಅಂಶ ಹಿಡಿದು ಕೆನಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದರೆಂದು ಹೆಚ್ಚಿನ ವಿಶ್ಲೇಷಕರು ತೀರ್ಪಿತ್ತರು. ಆ ಬಳಿಕ ಫಿಯಾನ ಫಾಲ್ ಸಮೀಕ್ಷೆಗಳಲ್ಲಿ ಏರಿತು, ಅಹರ್ನ್ ಮತ್ತೆ ಟೀಶಕ್ ಆದರು. ಆದರೆ ಚರ್ಚೆಗೆ ಎರಡು ದಿನ ಮುಂಚೆ, ಮೇ 15ರಂದು, ಅವರು ಬ್ರಿಟನ್ನಿನ ಸಂಸತ್ತಿನ ಎರಡೂ ಸದನಗಳನ್ನು ಉದ್ದೇಶಿಸಿ ಮಾತನಾಡಿದ್ದರು. ಅದರ ಹಿಂದಿನ ವಾರ ಉತ್ತರ ಐರ್ಲೆಂಡಿನಲ್ಲಿ ಅಧಿಕಾರ ಹಂಚಿಕೆಯ ಸರ್ಕಾರ ಮತ್ತೆ ಬಂದಿತ್ತು. ಈ ಮೂರರಲ್ಲಿ ಏರಿಕೆಗೆ ಯಾವುದು ಎಷ್ಟು ಕಾರಣವೆಂದು ಬೇರ್ಪಡಿಸಲು ಸಾಧ್ಯವಿಲ್ಲ. ಇನ್ನೊಂದು ಮಾತನ್ನೂ ನೆನಪಿಡಬೇಕು. ಮತದ ದಿನ ಕೇಳಿದಾಗ, ತಮ್ಮ ಕ್ಷೇತ್ರದ ಕೆಲಸ ಮಾಡುವ ಅಭ್ಯರ್ಥಿಯನ್ನು ನೋಡಿ ಮತ ಹಾಕಿದೆವು ಎನ್ನುವವರು ಅಲ್ಲಿ ಸುಮಾರು ಐದರಲ್ಲಿ ಎರಡು ಪಾಲು. ಮನೆ ಬಾಗಿಲಿಗೆ ಬಂದು ಕೈ ಕುಲುಕಿದವರ ತೂಕವನ್ನು ಸ್ಟುಡಿಯೊ ಇನ್ನೂ ಮೀರಿಲ್ಲ.

ಈಗ ಎಲ್ಲವೂ ಮೊಬೈಲಿನಲ್ಲಿಯೇ ಇರುವಾಗ ಎರಡು ಗಂಟೆಯ ಚರ್ಚೆಯನ್ನು ಯಾರು ನೋಡುತ್ತಾರೆ?

ಪೂರ್ತಿ ನೋಡದವರೂ ತುಣುಕು ನೋಡುತ್ತಾರೆ, ನಾಯಕರೂ ತುಣುಕಿಗೆಂದೇ ಸಾಲು ಸಿದ್ಧಪಡಿಸಿಕೊಂಡು ಬರುತ್ತಾರೆ. ಆದರೆ 2024ರಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡಿದ ತುಣುಕು ಸ್ಟುಡಿಯೊದಲ್ಲಿ ಹುಟ್ಟಲಿಲ್ಲ. ನವೆಂಬರ್ 22ರ ಸಂಜೆ ಕಾರ್ಕ್ ಜಿಲ್ಲೆಯ ಕ್ಯಾಂಟರ್ಕ್ ಪಟ್ಟಣದ ಸೂಪರ್ ಮಾರ್ಕೆಟ್ ಒಂದರಲ್ಲಿ, ಅಂಗವಿಕಲರ ಆರೈಕೆಯ ಕೆಲಸ ಮಾಡುವ ಮಹಿಳೆಯೊಬ್ಬರು ಆಗಿನ ಟೀಶಕ್, ಫೀನ ಗೇಲ್ ನಾಯಕ ಸೈಮನ್ ಹ್ಯಾರಿಸ್ ಅವರನ್ನು ನಿಲ್ಲಿಸಿ, ತಮ್ಮ ಆರೈಕೆ ವಲಯವನ್ನು ಸರ್ಕಾರ ಕಡೆಗಣಿಸಿದೆ ಎಂದರು. ಹ್ಯಾರಿಸ್ ಮಾತನ್ನು ಅರ್ಧಕ್ಕೆ ತುಂಡರಿಸಿ ಹೊರಟರು. ಜನರೊಂದಿಗೆ ಸರಾಗವಾಗಿ ಬೆರೆಯುವ, ಚುರುಕಿನ ಯುವ ನಾಯಕ ಎಂದು ತಿಂಗಳುಗಟ್ಟಲೆ ಕಟ್ಟಿದ್ದ ಚಿತ್ರಕ್ಕೆ ಆ ಕೆಲವು ಕ್ಷಣಗಳು ನೇರ ವಿರುದ್ಧವಾಗಿದ್ದವು. ಮರುದಿನ ಅವರು ಕ್ಷಮೆ ಕೇಳಿದರು. ನವೆಂಬರ್ 26ರ ಮೂವರ ಚರ್ಚೆಗೆ ಅವರು ಬಂದದ್ದು ಆ ನೆರಳಿನಲ್ಲಿಯೇ. ಫೀನ ಗೇಲ್ ಇಳಿಕೆ ಅದಕ್ಕೂ ಮುಂಚೆ ಶುರುವಾಗಿತ್ತೆಂಬ ವಾದದಲ್ಲಿಯೂ ಹುರುಳಿದೆ. ಅಂತೂ ಪಕ್ಷ 38 ಸ್ಥಾನಗಳೊಂದಿಗೆ ಮೂರನೆಯ ಜಾಗಕ್ಕೆ ಬಂತು. ಫಿಯಾನ ಫಾಲ್ 48, ಶಿನ್ ಫೇನ್ 39 ಪಡೆದವು.

ಮತದಾನದ ಹಿಂದಿನ ದಿನ ಟಿವಿ ಮೌನವಾಗಬೇಕೆಂಬ ನಿಯಮ ಈಗಲೂ ಇದೆಯೇ?

ಹಿಂದಿನ ದಿನ ಮಧ್ಯಾಹ್ನ 2 ಗಂಟೆಯಿಂದ ಮತದಾನ ಮುಗಿಯುವವರೆಗೆ ಚುನಾವಣಾ ವಿಷಯಗಳನ್ನು ಪ್ರಸಾರ ಮಾಡುವಂತಿರಲಿಲ್ಲ. ಅಂತರ್ಜಾಲದಲ್ಲಿ ಸುಳ್ಳು ಹರಿದಾಡುವಾಗ ಅದನ್ನು ಪರಿಶೀಲಿಸಬಲ್ಲ ಸುದ್ದಿಸಂಸ್ಥೆಗಳ ಬಾಯಿ ಕಟ್ಟುವುದು ಸರಿಯಲ್ಲವೆಂಬ ವಾದಕ್ಕೆ ಮನ್ನಣೆ ಸಿಕ್ಕಿ, 2024ರ ಸಾರ್ವತ್ರಿಕ ಚುನಾವಣೆಗೆ ಮುಂಚೆ ಆ ನಿಯಮವನ್ನು ತೆಗೆಯಲಾಯಿತು.

ಐರ್ಲೆಂಡಿನಲ್ಲಿ ಕೆಲಸ ಮಾಡುತ್ತಿರುವ ನಮ್ಮಂಥವರು ಮತ ಹಾಕಬಹುದೇ?

ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ, ಅಲ್ಲಿ ನೆಲೆಸಿರುವ 18 ವರ್ಷ ದಾಟಿದ ಯಾರು ಬೇಕಾದರೂ, ಭಾರತದ ಪಾಸ್‌ಪೋರ್ಟ್ ಇದ್ದರೂ, ಹೆಸರು ನೋಂದಾಯಿಸಿಕೊಂಡು ಮತ ಹಾಕಬಹುದು. ಡಾಲ್ ಚುನಾವಣೆಗೆ ಐರಿಷ್ ಅಥವಾ ಬ್ರಿಟಿಷ್ ಪೌರತ್ವ ಬೇಕು. ರಾಷ್ಟ್ರಾಧ್ಯಕ್ಷರ ಚುನಾವಣೆಗೆ ಐರಿಷ್ ಪೌರತ್ವವೇ ಬೇಕು. ಭಾರತ ಎರಡು ಪೌರತ್ವಕ್ಕೆ ಅವಕಾಶ ಕೊಡದ ಕಾರಣ ಇದು ಬರೀ ಮತದ ಪ್ರಶ್ನೆಯಾಗಿ ಉಳಿಯುವುದಿಲ್ಲವೆಂಬುದು ಗೊತ್ತಿದೆ. ಆದರೆ ಸ್ಥಳೀಯ ಮತದ ಹಕ್ಕು ಇದ್ದೂ ನೋಂದಾಯಿಸಿಕೊಳ್ಳದವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮುಂದಿನ ಸಲ ಚರ್ಚೆ ನೋಡುವಾಗ ಮುಖ್ಯವಾಗಿ ಏನನ್ನು ಗಮನಿಸಬೇಕು?

ಯಾರು ಯಾರನ್ನು ಖಂಡತುಂಡವಾಗಿ ನಿರಾಕರಿಸುತ್ತಾರೆ ಎಂಬುದನ್ನು ಗಮನಿಸಿ. ತೆರಿಗೆ, ಮನೆ, ಆಸ್ಪತ್ರೆಗಳ ಬಗೆಗಿನ ಭರವಸೆಗಳೆಲ್ಲ ಮೈತ್ರಿ ಮಾತುಕತೆಯಲ್ಲಿ ಬದಲಾಗುತ್ತವೆ. ಇಂಥವರ ಜೊತೆ ಸರ್ಕಾರ ಮಾಡುವುದಿಲ್ಲ ಎಂಬ ಮಾತು ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ. 2020ರ ಫೆಬ್ರವರಿ 4ರ ಚರ್ಚೆಯನ್ನು ಈಗ ಮತ್ತೆ ನೋಡಿದರೆ ವರಾಡ್ಕರ್ ಮತ್ತು ಮಾರ್ಟಿನ್ ಒಬ್ಬರ ಮೇಲೊಬ್ಬರು ಎಷ್ಟೇ ಹರಿಹಾಯ್ದರೂ, ಇಬ್ಬರೂ ಗಟ್ಟಿಯಾಗಿ ಮುಚ್ಚಿದ ಬಾಗಿಲು ಶಿನ್ ಫೇನ್ ಕಡೆಯದಾಗಿತ್ತು ಎಂಬುದು ಕಾಣುತ್ತದೆ. ಅಂತರ್ಯುದ್ಧದ ಕಾಲದಿಂದ ಎದುರಾಳಿಗಳಾಗಿದ್ದ ಅವರ ಎರಡು ಪಕ್ಷಗಳು ಆ ವರ್ಷದ ಜೂನ್ 27ರಂದು, ಹಸಿರು ಪಕ್ಷವನ್ನೂ ಸೇರಿಸಿಕೊಂಡು, ಮೊದಲ ಬಾರಿಗೆ ಒಂದೇ ಸರ್ಕಾರದಲ್ಲಿ ಕುಳಿತವು. ಟೀಶಕ್ ಹುದ್ದೆಯ ಮೊದಲ ಸರದಿ ಮಾರ್ಟಿನ್ ಅವರದು, 2022ರ ಡಿಸೆಂಬರ್‌ನಿಂದ ವರಾಡ್ಕರ್ ಅವರದು.